ಕ್ಷೇಮವೆಂದು ಹೇಳುವ ಸುಳ್ಳು



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ತಾಲ್ಲೂಕುಗಳ ಹಳ್ಳಿಗಳಿಂದ ವರುಷವರುಷವೂ ಅನೇಕ ಹುಡುಗರೂ ಹುಡುಗಿಯರೂ ಉನ್ನತ ವಿದ್ಯೆಗೋಸ್ಕರ ಮನೆ ಬಿಟ್ಟು ಹೋಗುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದ ಕಾಲದಲ್ಲಿ ಇಂಥಾ ಪ್ರಯಾಣವು ಕೆಲವರಿಗೆ ಮಾತ್ರ ಸಾಧ್ಯವಾಗಿತ್ತು. ತರುವಾಯ ಹಾಸನದಲ್ಲಿಯೇ 1960ರಲ್ಲಿ ಇಂಜಿನಿಯರಿಂಗ್ ಕಾಲೇಜೂ 2006ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾದವು. 2017ರಲ್ಲಿ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ರೈಲುದಾರಿಯು ತೆರೆಯಿತು. ಹೀಗೆ ದಾರಿಯು ಹತ್ತಿರವಾದಾಗ್ಯೂ, ಕಾಲೇಜಿನ ಮೊದಲನೆಯ ವರುಷವು ಹಳ್ಳಿಯ ಮಕ್ಕಳಿಗೆ ಈಗಲೂ ಪರದೇಶವೇ ಆಗಿರುತ್ತದೆ.

ಅರಕಲಗೂಡಿನ ಕಡೆಯ ಒಬ್ಬ ರೈತನ ಮಗನನ್ನು ಮನಸ್ಸಿಗೆ ತಂದುಕೊಳ್ಳಿರಿ. ಅವನು ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿದವನು, ತನ್ನ ಶಾಲೆಯಲ್ಲಿ ಮೊದಲಿಗನು. ತಂದೆಯು ಆಲೂಗಡ್ಡೆಯ ಬೆಳೆಯಿಂದ ಬಂದ ಹಣಕ್ಕೆ ಸಾಲವನ್ನೂ ಕೂಡಿಸಿ ಶುಲ್ಕ ಕಟ್ಟಿದ್ದಾನೆ. ಕಾಲೇಜಿನಲ್ಲಿ ಪಾಠವೆಲ್ಲಾ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕೇಳಿದ್ದರಲ್ಲಿ ಅರ್ಧವು ತಿಳಿಯದು. ಎದ್ದು ಕೇಳಿದರೆ ನಕ್ಕಾರೆಂಬ ಭಯ. ಮೊದಲನೆಯ ಸೆಮಿಸ್ಟರಿನ ಪರೀಕ್ಷೆಯಲ್ಲಿ ಎರಡು ವಿಷಯಗಳು ಹೋದವು. ಆ ರಾತ್ರಿ ತಾಯಿಯು ಫೋನಿನಲ್ಲಿ, “ಊಟವಾಯಿತೇ? ಪರೀಕ್ಷೆ ಏನಾಯಿತು?” ಎಂದು ಕೇಳಲು, “ಎಲ್ಲಾ ಚೆನ್ನಾಗಿದೆ ಅಮ್ಮಾ” ಅನ್ನುತ್ತಾನೆ.

ಈ ಮಾತು ಪ್ರೀತಿಯೋ, ತಪ್ಪೋ? ಇದೇ ನಾವು ವಿಚಾರಿಸತಕ್ಕ ಪ್ರಶ್ನೆ.

ಅವನ ಪಕ್ಷವಾಗಿ ಹೇಳತಕ್ಕದ್ದು ಬಹಳ ಉಂಟು. ಈ ಸುಳ್ಳಿನಿಂದ ಅವನು ಒಂದು ಕಾಸನ್ನೂ ಸಂಪಾದಿಸಲಿಲ್ಲ. ತಂದೆತಾಯಿಗಳು ನಿದ್ರೆಗೆಡಬಾರದೆಂದೇ ಹೀಗೆ ಹೇಳಿದನು. ಮತ್ತು ಅವನ ತಾಯಿಯು ಮಾಡುವದಾದರೂ ಏನು? ಕೊಳವೆಬಾವಿ ಬತ್ತಿದ್ದನ್ನೂ ಅಪ್ಪನ ಎದೆನೋವನ್ನೂ ಮರೆಮಾಡಿ, “ಇಲ್ಲಿಯೂ ಎಲ್ಲಾ ಚೆನ್ನಾಗಿದೆ, ನೀನು ಓದಿಕೋ” ಅನ್ನುತ್ತಾಳೆ. ಒಬ್ಬರನ್ನೊಬ್ಬರು ಇಷ್ಟು ಪ್ರೀತಿಸುವವರು ಫೋನಿನ ಎರಡು ತುದಿಗಳಲ್ಲಿ ಒಬ್ಬೊಬ್ಬರೇ ಅಳುತ್ತಾರೆ.

ಪೂರ್ವಕಾಲದಲ್ಲಿ ಅಗಸ್ತೀನನೆಂಬ ಪಂಡಿತನು ಆಫ್ರಿಕದ ತಗಾಸ್ತೆ ಎಂಬ ಸಣ್ಣ ಊರಲ್ಲಿ 354ರಲ್ಲಿ ಹುಟ್ಟಿದನು. ಅವನ ತಂದೆಯು ಐಶ್ವರ್ಯವಂತನಲ್ಲದಿದ್ದರೂ ಶಕ್ತಿಮೀರಿ ಹಣ ಕೂಡಿಸಿ ಮಗನನ್ನು ವಿದ್ಯೆಗಾಗಿ ಕಾರ್ಥೇಜ್ ಪಟ್ಟಣಕ್ಕೆ ಕಳುಹಿಸಿದನು. ಅದೇ ಅಗಸ್ತೀನನು 383ರಲ್ಲಿ ರೋಮಿಗೆ ಹೊರಟಾಗ, ಸ್ನೇಹಿತನನ್ನು ಬೀಳ್ಕೊಡಲು ಹೋಗುತ್ತೇನೆಂದು ತಾಯಿಗೆ ಸುಳ್ಳು ಹೇಳಿ, ರಾತ್ರಿಯಲ್ಲಿ ಹಡಗು ಹತ್ತಿ ಹೋದನು. ಮುಂದೆ 395ರ ಸುಮಾರಿಗೆ ಅವನು ಸುಳ್ಳನ್ನು ಕುರಿತು ಒಂದು ಗ್ರಂಥವನ್ನು ಬರೆದು, ಒಳ್ಳೇ ಉದ್ದೇಶದಿಂದ ಹೇಳಿದ ಸುಳ್ಳೂ ಸುಳ್ಳೇ ಎಂದು ತೀರ್ಮಾನಿಸಿದನು. ತಾಯಿಯನ್ನು ವಂಚಿಸಿದ ಆ ರಾತ್ರಿಯನ್ನು ಅವನು ಮರೆಯಲಿಲ್ಲ. ತನ್ನ ಜೀವನವೃತ್ತಾಂತದಲ್ಲಿ ಅದನ್ನು ಬಿಚ್ಚಿ ಹೇಳಿದನು.

ಅವನಷ್ಟು ಕಠಿಣವಾಗಿ ತೀರ್ಪು ಮಾಡಲು ನನಗೆ ಮನಸ್ಸು ಬಾರದು. ಆದರೂ ಒಂದು ಪರೀಕ್ಷೆಯನ್ನು ವಿದ್ಯಾರ್ಥಿಯ ಮುಂದಿಡುತ್ತೇನೆ. ನಿನ್ನ ಸೋಲು ತಿಳಿದರೂ ತಂದೆತಾಯಿಗಳಿಗೆ ದುಃಖವಾಗುವದಿಲ್ಲವೆಂದು ನಿಶ್ಚಯವಿದ್ದರೆ, ಆಗಲಾದರೂ ಹೇಳುತ್ತಿದ್ದೆಯೋ? ‘ಹೇಳೆನು’ ಎಂದು ಮನಸ್ಸು ಉತ್ತರ ಕೊಟ್ಟರೆ, ನೀನು ಕಾಪಾಡುವದು ಅವರ ನಿದ್ರೆಯನ್ನಲ್ಲ, ಅವರ ಕಣ್ಣಲ್ಲಿ ನಿನಗಿರುವ ಮಾನವನ್ನೇ. ಇದಲ್ಲದೆ ಈ ಸುಳ್ಳು ಒಂದು ದಿನಕ್ಕೆ ಮುಗಿಯುವದಿಲ್ಲ. ಮುಂದಿನ ವಾರ ಅದಕ್ಕೆ ಇನ್ನೊಂದನ್ನು ಸೇರಿಸಬೇಕು. ಕೊನೆಗೆ ಪರೀಕ್ಷೆಯ ಭಯಕ್ಕಿಂತ ಬಯಲಾಗುವ ಭಯವೇ ದೊಡ್ಡದಾಗುತ್ತದೆ.

ಹಾಗಾದರೆ ಎಲ್ಲವನ್ನೂ ಹೇಳಲೇಬೇಕೋ? ಬೇಕಿಲ್ಲ. ಸುಮ್ಮನಿರುವದು ಬೇರೆ, ಸುಳ್ಳಾಡುವದು ಬೇರೆ. “ಈಹೊತ್ತು ಹೇಳಲಾರೆ, ಭಾನುವಾರ ಹೇಳುತ್ತೇನೆ” ಎಂಬದು ಸತ್ಯವಾದ ಮಾತು; ಅದು ಬಾಗಲನ್ನು ಮುಚ್ಚುವದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲಿಯೇ ತಾಯಿಯನ್ನು ಪ್ಲೇಗಿನಿಂದ ಕಳಕೊಂಡು, ಸಿಕ್ಕಿದ ಕೆಲಸಗಳನ್ನು ಮಾಡುತ್ತಾ ಮೈಸೂರಿನಲ್ಲಿ ತತ್ವಶಾಸ್ತ್ರವನ್ನು ಓದಿದರು. 1996ರಲ್ಲಿ ಪ್ರಕಟವಾದ ‘ಭಿತ್ತಿ’ ಎಂಬ ಆತ್ಮಕಥೆಯಲ್ಲಿ ಆ ಬಡತನವನ್ನು ಮರೆಮಾಡದೆ ಬರೆದರು. ಅದನ್ನು ಓದಿದವರಲ್ಲಿ ಅವರ ಮಾನವು ಕಡಿಮೆಯಾಗಲಿಲ್ಲ.

ಈಗ ತಂದೆತಾಯಿಗಳಿಗೆ ಒಂದು ಮಾತು. ಸತ್ಯಕ್ಕೆ ದಂಡ ಬೀಳುವ ಮನೆಯಲ್ಲಿ ಮಕ್ಕಳು ಸತ್ಯವನ್ನು ತರುವದಿಲ್ಲ. ಫೋನು ಮಾಡಿದಾಗೆಲ್ಲಾ “ಎಷ್ಟು ಅಂಕ? ನಿನಗೋಸ್ಕರ ಸಾಲ ಮಾಡಿದೆವು” ಅಂದರೆ, ಅವನು ಮತ್ತೇನು ಹೇಳ್ಯಾನು? ಕನ್ನಡದಲ್ಲಿ ಓದಿದ ಮಗುವು ಮೊದಲ ತಿಂಗಳುಗಳಲ್ಲಿ ಎಡವುವದು ಅನೇಕ ವೇಳೆ ಭಾಷೆಯ ನಿಮಿತ್ತವಾಗಿ, ಬುದ್ಧಿಯ ಕೊರತೆಯಿಂದಲ್ಲ. ಹೋದ ವಿಷಯವನ್ನು ಮತ್ತೆ ಬರೆಯಲು ಅವಕಾಶವುಂಟು. ಉಪಾಧ್ಯಾಯರನ್ನು ಏಕಾಂತವಾಗಿ ಕಂಡು ಕೇಳುವದಕ್ಕೂ, ಮೇಲಿನ ತರಗತಿಯವರ ಸಹಾಯ ಪಡೆಯುವದಕ್ಕೂ ಅವನಿಗೆ ಧೈರ್ಯ ಕೊಡಿರಿ. ಮನಸ್ಸಿನ ಭಾರವು ಅತಿಯಾದರೆ, ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಯಾರಾದರೂ ಉಚಿತವಾಗಿ ಫೋನು ಮಾಡಬಹುದು. ಮಗುವು ‘ಬದುಕು ಸಾಕು’ ಎಂದು ಒಂದು ಸಾರಿ ಅಂದರೂ, ಮಾರನೆಯ ದಿನಕ್ಕೆ ಕಾಯದೆ ಆ ದಿನವೇ ಹೊರಟುಹೋಗಿರಿ.

ಸತ್ಯವನ್ನು ಯಾರು ಮೊದಲು ಆಡಬೇಕು? ಹಿರಿಯರೇ ಆಡಬೇಕೆಂದು ನನಗೆ ತೋರುತ್ತದೆ. ಆದಕಾರಣ ಮುಂದಿನ ಭಾನುವಾರ ಫೋನು ಬಂದಾಗ ಅಂಕಗಳ ಮಾತನ್ನೆತ್ತಬೇಡಿರಿ. ಬಾವಿ ಬತ್ತಿದ ಸುದ್ದಿಯನ್ನು ನೀವೇ ಮೊದಲು ಹೇಳಿರಿ. ಆ ಮೇಲೆ ಅವನ ಮಾತಿಗೆ ಕಾದುಕೊಂಡಿರ್ರಿ.