ಅರಣ್ಯದ ಸ್ವಾಮ್ಯ ಯಾರದು?

ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ವಿಶ್ವಜಿದ್ಯಾಗವನ್ನು ಕುರಿತ ಒಂದು ಸ್ವಾರಸ್ಯಕರವಾದ ವಿಚಾರವಿದೆ. ಆ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕೆಂದು ವಿಧಿ. ಹಾಗಾದರೆ ಸಾರ್ವಭೌಮನಾದ ರಾಜನು ಈ ಯಾಗವನ್ನು ಮಾಡಿದಾಗ ತನ್ನ ರಾಜ್ಯದ ಭೂಮಿಯನ್ನೆಲ್ಲ ದಾನವಾಗಿ ಕೊಟ್ಟುಬಿಡಬಹುದೆ? ಕೊಡಲಾಗದು ಎಂಬುದು ಜೈಮಿನಿಮಹರ್ಷಿಗಳ ನಿರ್ಣಯ. ಭೂಮಿಯು ಸರ್ವರಿಗೂ ಸಮಾನವಾದದ್ದು, ಆದ್ದರಿಂದ ಅದು ಒಬ್ಬನ ದಾನದ ವಸ್ತುವಾಗಲಾರದು. ಶಬರಸ್ವಾಮಿಗಳು ಭಾಷ್ಯದಲ್ಲಿ ಇದನ್ನು ವಿಶದಪಡಿಸುತ್ತಾರೆ. ಭೂಮಿಯನ್ನು ಅನುಭವಿಸುವುದರಲ್ಲಿ ರಾಜನಿಗೂ ಇತರರಿಗೂ ಭೇದವಿಲ್ಲ. ರಾಜನಿಗಿರುವ ವಿಶೇಷವೆಂದರೆ, ಬೆಳೆಯನ್ನು ರಕ್ಷಿಸಿದ್ದಕ್ಕಾಗಿ ಅದರಲ್ಲಿ ನಿಯತವಾದ ಒಂದು ಭಾಗಕ್ಕೆ ಅವನು ಅಧಿಕಾರಿ, ಭೂಮಿಗಲ್ಲ.

ಯಜ್ಞಶಾಲೆಯ ಈ ಪ್ರಶ್ನೆಗೂ ನಮ್ಮ ಕಾಲಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ನಿಕಟವಾಗಿಯೇ ಇದೆ. ರಕ್ಷಣೆಯ ಹೊಣೆ ಹೊತ್ತವನು ರಕ್ಷಿತವಸ್ತುವಿನ ಒಡೆಯನಾಗುವನೆ ಎಂಬುದೇ ಅಲ್ಲಿಯ ಪ್ರಶ್ನೆ. ನಮ್ಮ ದೇಶದ ಅರಣ್ಯಗಳ ವಿಷಯದಲ್ಲಿ ಸುಮಾರು ನೂರೈವತ್ತು ವರ್ಷಗಳಿಂದ ನಡೆದಿರುವ ವಿವಾದದ ಮೂಲವೂ ಇದೇ ಆಗಿದೆ.

ಕಾಡಿನ ಮೇಲೆ ಪ್ರಭುತ್ವವು ಹಕ್ಕು ಸಾಧಿಸಿದ್ದು ಆಂಗ್ಲರ ಕಾಲದಲ್ಲಿಯೇ ಮೊದಲೆಂದು ಹೇಳುವಂತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ದ್ರವ್ಯವನ, ಹಸ್ತಿವನ ಎಂದು ಕಾಡುಗಳನ್ನು ವಿಂಗಡಿಸಿ, ವನೋತ್ಪನ್ನಗಳಿಗೆ ಕುಪ್ಯಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸುತ್ತದೆ. ಆದರೆ ಗ್ರಾಮದ ಅಂಚಿನ ಕಾಡಿನಲ್ಲಿ ಸೌದೆ, ಸೊಪ್ಪು, ದರಗು, ಜೇನು, ಬಿದಿರುಗಳನ್ನು ತರುವುದೂ ದನ ಮೇಯಿಸುವುದೂ ಅಪರಾಧವೆಂಬ ಭಾವನೆ ವ್ಯಾಪಕವಾಗಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1864ರಲ್ಲಿ ಅರಣ್ಯ ಇಲಾಖೆಯು ಸ್ಥಾಪಿತವಾಗಿ, ಜರ್ಮನಿಯ ಡೀಟ್ರಿಶ್ ಬ್ರಾಂಡಿಸ್ ಅದರ ಪ್ರಥಮ ಮುಖ್ಯಸ್ಥರಾದರು. 1865ರಲ್ಲಿ ಮೊದಲ ಅರಣ್ಯ ಕಾಯಿದೆಯೂ 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದೂ ಬಂದವು. ಆಗ ಬೇಡನ್ ಪೊವೆಲ್ ಎಂಬ ಅಧಿಕಾರಿಯು, ಲಿಖಿತ ದಾಖಲೆಯಿಲ್ಲದ ರೂಢಿಯು ಹಕ್ಕಲ್ಲ, ಪ್ರಭುವಿನ ಅನುಗ್ರಹ ಮಾತ್ರ ಎಂದು ವಾದಿಸಿದನು. ಮದ್ರಾಸ್ ಸರಕಾರವು ಇದನ್ನು ಒಪ್ಪಲಿಲ್ಲ. ಬ್ರಾಂಡಿಸರೂ ಗ್ರಾಮಗಳಿಗೆ ತಮ್ಮವೇ ಆದ ಕಾಡುಗಳಿರಬೇಕೆಂದರು. ಗೆದ್ದದ್ದು ಪೊವೆಲ್‌ನ ಪಕ್ಷ. ಗ್ರಾಮಾರಣ್ಯ ಎಂಬ ಒಂದು ಅಧ್ಯಾಯವು ಕಾಯಿದೆಯಲ್ಲಿ ಉಳಿದುಬಂದಿತು, 1927ರ ಕಾಯಿದೆಯಲ್ಲಿಯೂ ಮುಂದುವರಿಯಿತು. ಆದರೆ ಬಹುತೇಕ ಕಡೆಗಳಲ್ಲಿ ಅದು ಪುಸ್ತಕದಲ್ಲಿಯೇ ನಿಂತಿತು.

ಇಷ್ಟು ಬಿಗಿಗೆ ಒಂದು ಪ್ರಬಲವಾದ ಕಾರಣವನ್ನು, ಬಹುಕಾಲ ರೈಲ್ವೆಯ ಅನ್ನವನ್ನುಂಡ ನಾನು ಹೇಳದೆ ಬಿಡುವುದು ಉಚಿತವಲ್ಲ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಗಾಡಿ ಓಡಿದ ಮೇಲೆ ಹಳಿಗಳು ದೇಶದ ಉದ್ದಗಲಕ್ಕೂ ಹಬ್ಬಿದವು. ಹಳಿಯ ಕೆಳಗಿಡುವ ಮರದ ಸ್ಲೀಪರುಗಳನ್ನು ಗಜಕ್ಕೊಂದರಂತೆ ಹಾಕಿದರೂ ಮೈಲಿಗೆ 1,760 ಬೇಕು. ಮಳೆಗೂ ಗೆದ್ದಲಿಗೂ ಸಿಕ್ಕಿ ಅವು ಕೆಲವೇ ವರ್ಷಗಳಲ್ಲಿ ಶಿಥಿಲವಾಗುತ್ತಿದ್ದುದರಿಂದ ಮತ್ತೆ ಮತ್ತೆ ಬದಲಾಯಿಸಬೇಕಾಗಿತ್ತು. 1900ರ ಹೊತ್ತಿಗೆ ಮಾರ್ಗದ ಉದ್ದ ಸುಮಾರು 25,000 ಮೈಲಿ. ಕೆಲವು ಕಡೆ ಬೀಡುಕಬ್ಬಿಣದ ಸ್ಲೀಪರುಗಳಿದ್ದವು ನಿಜ. ಆದರೂ ಹಿಮಾಲಯದ ದೇವದಾರು, ಮಧ್ಯದೇಶದ ಸಾಲ, ದಕ್ಷಿಣದ ತೇಗಗಳು ಹಳಿಗಳ ಅಡಿಯಲ್ಲಿ ಮಲಗಿದ ಸಂಖ್ಯೆ ಅಲ್ಪವಲ್ಲ. ರಕ್ಷಣೆಯ ಹೆಸರಿನಲ್ಲಿ ಹಳ್ಳಿಗರನ್ನು ಹೊರಗಿಟ್ಟ ಕಾಡಿನಿಂದಲೇ ಈ ಮರಗಳು ಬಂದವು. ಇಂದು ಕಾಂಕ್ರೀಟ್ ಸ್ಲೀಪರುಗಳು ಆ ಸ್ಥಾನಕ್ಕೆ ಬಂದಿವೆ. ಮರದ ಅವಶ್ಯಕತೆ ಹೋಯಿತು. ಅದಕ್ಕಾಗಿ ಹುಟ್ಟಿದ ಸ್ವಾಮ್ಯಬುದ್ಧಿ ಮಾತ್ರ ಅಷ್ಟು ಸುಲಭವಾಗಿ ಹೋಗಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ಕಾಡನ್ನು ಹಳ್ಳಿಗರ ಕೈಗೆ ಬಿಟ್ಟರೆ ಉಳಿಯುವುದೆ? ಎಲ್ಲರದೂ ಆದದ್ದು ಯಾರದೂ ಅಲ್ಲ. ಒಬ್ಬನು ಸಂಯಮದಿಂದಿದ್ದರೆ ಇನ್ನೊಬ್ಬನು ಕಡಿದೊಯ್ಯುತ್ತಾನೆ. ಕೊನೆಗೆ ಎಲ್ಲರಿಗೂ ನಾಶ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿಯು ಈ ವಾದವನ್ನು ಪ್ರಸಿದ್ಧವಾದ ಲೇಖನವೊಂದರಲ್ಲಿ ಮಂಡಿಸಿದನು. ಆದ್ದರಿಂದ ಸರಕಾರವೋ ಖಾಸಗಿ ಒಡೆಯನೋ ಹಿಡಿತದಲ್ಲಿಟ್ಟುಕೊಳ್ಳುವುದೇ ಕ್ಷೇಮವೆಂದು ಅನೇಕರು ನಂಬಿದರು.

ಈ ವಾದದಲ್ಲಿ ಒಂದು ಪದಾರ್ಥಸಂಕರವಿದೆ. ‘ಅಸ್ವಾಮಿಕ’ವೂ ‘ಸಾಮುದಾಯಿಕ’ವೂ ಒಂದೇ ಅಲ್ಲ. ಯಾವ ನಿಯಮವೂ ಇಲ್ಲದೆ ಬಂದವರೆಲ್ಲ ಕೈಹಾಕಬಹುದಾದದ್ದು ಅಸ್ವಾಮಿಕ. ಇಂಥವರದೆಂದು ಗೊತ್ತಿದ್ದು, ಇಷ್ಟೇ ತೆಗೆಯಬೇಕೆಂಬ ಕಟ್ಟಳೆಯಿದ್ದು, ಮೀರಿದವನಿಗೆ ದಂಡವಿರುವುದು ಸಾಮುದಾಯಿಕ. ಹಾರ್ಡಿನ್ ವರ್ಣಿಸಿದ ನಾಶವು ಮೊದಲನೆಯದಕ್ಕೆ ಸಲ್ಲುತ್ತದೆ, ಎರಡನೆಯದಕ್ಕಲ್ಲ. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಯು ಅನೇಕ ದೇಶಗಳ ಮೇವುಗಾವಲು, ನೀರಾವರಿ, ಮೀನುಗಾರಿಕೆಗಳನ್ನು ಪರಿಶೀಲಿಸಿ 1990ರ ತನ್ನ ಗ್ರಂಥದಲ್ಲಿ ಇದನ್ನು ಸಪ್ರಮಾಣವಾಗಿ ತೋರಿಸಿದಳು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರದಿಂದ ಆಕೆ ಸಮ್ಮಾನಿತಳಾದಳು. ನಮ್ಮ ನಾಡಿನಲ್ಲಿಯೇ, ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ 1920ರ ದಶಕದಿಂದ, ಕುಮಟಾ ತಾಲ್ಲೂಕಿನ ಹಳಕಾರದ ಗ್ರಾಮಸ್ಥರು ತಮ್ಮ ಗ್ರಾಮಾರಣ್ಯವನ್ನು ತಾವೇ ಸಮಿತಿ ರಚಿಸಿಕೊಂಡು ಕಾಯ್ದುಕೊಂಡು ಬಂದ ಉದಾಹರಣೆಯಿದೆ.

ನಾಶವಾದ ಕಾಡು ಮತ್ತೆ ಬರುವುದೆ ಎಂಬುದು ಮುಂದಿನ ಸಂದೇಹ. ಪಶ್ಚಿಮ ಬಂಗಾಳದ ಮೇದಿನೀಪುರ ಜಿಲ್ಲೆಯ ಅರಾಬಾರಿಯಲ್ಲಿ ಇದಕ್ಕೆ ಸಮಾಧಾನ ದೊರೆಯಿತು. 1970ರ ದಶಕದ ಆದಿಯಲ್ಲಿ ಅಜಿತ್ ಕುಮಾರ್ ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿಗಳು, ಬೊಡ್ಡೆಗಳಷ್ಟೇ ಉಳಿದಿದ್ದ ಸುಮಾರು 1,270 ಹೆಕ್ಟೇರ್ ಸಾಲವನದ ಸುತ್ತಲಿನ 11 ಹಳ್ಳಿಗಳ ಜನರನ್ನು ಕರೆದು ಮಾತನಾಡಿದರು. ನೀವು ಕಾಯಿರಿ, ಕೆಲಸವನ್ನೂ ಕಿರು ಉತ್ಪನ್ನಗಳನ್ನೂ ನೀವು ಪಡೆಯಿರಿ, ಮರ ಬಲಿತು ಕಡಿದಾಗ ಹಣದಲ್ಲಿ ನೂರಕ್ಕೆ 25 ಭಾಗ ನಿಮಗೆ ಎಂಬುದು ಒಪ್ಪಂದ. ಸಾಲವೃಕ್ಷದ ಗುಣವೆಂದರೆ ಬೇರು ಜೀವಂತವಿದ್ದರೆ ಬೊಡ್ಡೆಯಿಂದಲೇ ಚಿಗುರುತ್ತದೆ. ಹೊಸ ಸಸಿಗಿಂತ ಹೆಚ್ಚಾಗಿ ಬೇಕಾದದ್ದು ಕೊಡಲಿಯಿಂದಲೂ ದನದ ಬಾಯಿಯಿಂದಲೂ ಕೆಲವು ವರ್ಷಗಳ ಬಿಡುವು. ಆ ಬಿಡುವನ್ನು ಕಾವಲುಗಾರರ ದೊಣ್ಣೆ ಕೊಡಲಾಗಲಿಲ್ಲ, ಹಳ್ಳಿಗರ ಸಮ್ಮತಿ ಕೊಟ್ಟಿತು. ಹದಿನೈದು ವರ್ಷಗಳೊಳಗೆ ಅಲ್ಲಿ ಕಾಡು ಮತ್ತೆ ನಿಂತಿತ್ತು.

1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾಡಿನ ಮೊದಲ ಪ್ರಯೋಜನವು ವರಮಾನವಲ್ಲ, ಪರಿಸರದ ಸ್ಥಿರತೆಯೆಂದೂ, ಕಾಡನ್ನು ಅವಲಂಬಿಸಿದವರ ಅಗತ್ಯಗಳಿಗೆ ಆದ್ಯತೆ ಸಲ್ಲಬೇಕೆಂದೂ ಸಾರಿತು. 1990ರ ಜೂನ್ ತಿಂಗಳಲ್ಲಿ ಕೇಂದ್ರವು ಹೊರಡಿಸಿದ ಸುತ್ತೋಲೆಯಿಂದ ಜಂಟಿ ಅರಣ್ಯ ನಿರ್ವಹಣೆ ದೇಶವ್ಯಾಪಿಯಾಯಿತು. ಆದರೆ ಜಂಟಿ ಎಂಬ ಶಬ್ದದಲ್ಲಿ ಸಮತ್ವವು ಧ್ವನಿಸಿದರೂ, ಬಹಳ ಕಡೆ ಲೆಕ್ಕ, ಹಣ, ಯೋಜನೆಗಳು ಇಲಾಖೆಯವರ ಕೈಯಲ್ಲಿದ್ದವು. ಹಳ್ಳಿಗರಿಗೆ ದೊರೆತದ್ದು ಪಾಲು, ಅಧಿಕಾರವಲ್ಲ; ಕೊಟ್ಟವರು ಹಿಂತೆಗೆದುಕೊಳ್ಳಬಹುದಾದ ಪಾಲು. ಹಕ್ಕು ಬಂದದ್ದು 2006ರ ಅರಣ್ಯ ಹಕ್ಕು ಕಾಯಿದೆಯಿಂದ. ಪರಂಪರೆಯಿಂದ ಅರಣ್ಯವಾಸಿಗಳಾದವರಿಗೆ ಅನ್ಯಾಯವಾಯಿತೆಂಬುದನ್ನು ಅದು ಪೀಠಿಕೆಯಲ್ಲಿಯೇ ಒಪ್ಪಿಕೊಂಡು, ಸಮುದಾಯವು ತನ್ನ ಕಾಡನ್ನು ರಕ್ಷಿಸುವ, ಪುನರುಜ್ಜೀವಿಸುವ, ನಿರ್ವಹಿಸುವ ಹಕ್ಕನ್ನು ಮಾನ್ಯ ಮಾಡಿತು.

ಈ ಹಕ್ಕು ಕೈಗೆ ಬಂದ ಬಗೆಯನ್ನು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಗೊಂಡರ ಪುಟ್ಟ ಗ್ರಾಮದಲ್ಲಿ ಕಾಣಬಹುದು. ದಿಲ್ಲಿ ಮುಂಬಯಿಗಳಲ್ಲಿ ನಮ್ಮ ಸರಕಾರ, ನಮ್ಮ ಊರಿನಲ್ಲಿ ನಾವೇ ಸರಕಾರ ಎಂಬರ್ಥದ ಅವರ ಘೋಷಣೆ ಪ್ರಸಿದ್ಧವಾದದ್ದು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಗ್ರಾಮಸಭೆಗೆ ಸಾಮುದಾಯಿಕ ಹಕ್ಕು ದೊರೆಯಿತು. ಆದರೂ ಬಿದಿರನ್ನು ಸಾಗಿಸುವ ರಹದಾರಿಗಾಗಿ ಅವರು ಹೋರಾಡಬೇಕಾಯಿತು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿಯದು, ಹಳೆಯ ಕಾಯಿದೆಯ ಪ್ರಕಾರ 2017ರವರೆಗೆ ಮರವಾಗಿತ್ತು, 2006ರ ಕಾಯಿದೆಯಲ್ಲಿ ಕಿರು ಅರಣ್ಯ ಉತ್ಪನ್ನ. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಜಯರಾಮ್ ರಮೇಶರೂ ಮುಖ್ಯಮಂತ್ರಿ ಪೃಥ್ವೀರಾಜ ಚವ್ಹಾಣರೂ ಆ ಊರಿಗೇ ಬಂದು ರಹದಾರಿ ಪುಸ್ತಕವನ್ನು ಗ್ರಾಮಸಭೆಗೆ ಒಪ್ಪಿಸಿದರು. ಅಲ್ಲಿಯ ನಿರ್ಣಯಗಳು ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ ಆಗುತ್ತವೆ. ಒಬ್ಬನು ಒಪ್ಪದಿದ್ದರೂ ಚರ್ಚೆ ಮುಂದುವರಿಯುತ್ತದೆ. ಇದಕ್ಕೆ ಕಾಲ ಹಿಡಿಯುತ್ತದೆ. ಆದರೆ ಎಲ್ಲರೂ ಒಪ್ಪಿದ ಕಟ್ಟಳೆಯನ್ನು ಮುರಿಯಲು ಯಾರಿಗೂ ನೆಪ ಸಿಗುವುದಿಲ್ಲ.

ಹಳ್ಳಿಗರೆಲ್ಲ ಸಾಧುಗಳೆಂದಾಗಲಿ, ಇಲಾಖೆಯವರೆಲ್ಲ ದುಷ್ಟರೆಂದಾಗಲಿ ಇದರಿಂದ ಗ್ರಹಿಸಬಾರದು. ಗ್ರಾಮದಲ್ಲಿಯೂ ಬಲಿಷ್ಠರಿದ್ದಾರೆ. ಮೇವುಗಾವಲಿಗೆ ಬೇಲಿ ಹಾಕಿದರೆ, ಜಮೀನಿದ್ದವನ ಹಸು ಹಿತ್ತಲಿನಲ್ಲಿಯೇ ಮೇಯುತ್ತದೆ, ಜಮೀನಿಲ್ಲದವಳ ಆಡು ಉಪವಾಸವಿರುತ್ತದೆ. ಸೌದೆ ಹೊರುವ ಹೆಂಗಸು ಸಭೆಯಲ್ಲಿ ಮಾತನಾಡದಿದ್ದರೆ ಆ ಸಭೆಯ ನಿರ್ಣಯ ಅಪೂರ್ಣ. ಕಾಡ್ಗಿಚ್ಚು, ಕಳ್ಳಸಾಗಣೆಗಳನ್ನು ಎದುರಿಸಲು ಒಂದು ಊರಿನ ಶಕ್ತಿ ಸಾಲದು. ಹುಲಿ, ಆನೆಗಳು ಊರಿನ ಗಡಿಯನ್ನರಿಯವು. ಆದ್ದರಿಂದ ಪ್ರಭುತ್ವದ ರಕ್ಷಣೆ ಬೇಕೇ ಬೇಕು. ಭಾಷ್ಯಕಾರರು ರಾಜನ ಅಧಿಕಾರವನ್ನು ಅಲ್ಲಗಳೆಯಲಿಲ್ಲ, ಅದರ ಎಲ್ಲೆಯನ್ನು ತೋರಿಸಿದರು ಎಂಬುದನ್ನು ಇಲ್ಲಿ ನೆನೆಯಬೇಕು.

ಈ ವಿವೇಕವು ಇಂದು ಹೆಚ್ಚು ಅವಶ್ಯಕವಾಗಿದೆ. 2030ರೊಳಗೆ 2 ಕೋಟಿ 60 ಲಕ್ಷ ಹೆಕ್ಟೇರ್ ಹಾಳುನೆಲವನ್ನು ಪುನಃಸ್ಥಾಪಿಸುವುದಾಗಿ ಭಾರತವು 2019ರಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಗಣಿ, ಅಣೆಕಟ್ಟುಗಳಿಗಾಗಿ ಹೋದ ಕಾಡಿಗೆ ಪ್ರತಿಯಾಗಿ ಬೇರೆಡೆ ಗಿಡ ನೆಡುವ ಹಣಕ್ಕೆ 2016ರ ಕಾಯಿದೆಯಿದೆ. ಸಂಕಲ್ಪವು ಶ್ಲಾಘ್ಯವೇ. ಆದರೆ ಹಾಳು ಎಂದು ನಕಾಶೆಯಲ್ಲಿ ಬರೆದ ನೆಲವು ಅನೇಕವೇಳೆ ಯಾರದೋ ಗೋಮಾಳ, ಯಾರದೋ ಸೊಪ್ಪಿನ ಬೆಟ್ಟ. ಅಲ್ಲಿ ಸಾಲಾಗಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟರೆ ಲೆಕ್ಕದಲ್ಲಿ ಹಸಿರು ಹೆಚ್ಚುತ್ತದೆ. ಅದರಲ್ಲಿ ಮೇವಿಲ್ಲ, ಹಣ್ಣಿಲ್ಲ, ಜೇನಿಗೆ ವೈವಿಧ್ಯವಿಲ್ಲ. ಎಷ್ಟು ಗಿಡ ನೆಟ್ಟೆವು ಎಂಬ ಪ್ರಶ್ನೆಗೆ ಮುಂಚೆ, ಯಾವ ಗಿಡ, ಯಾರನ್ನು ಕೇಳಿ, ಯಾರಿಗಾಗಿ ಎಂಬ ಪ್ರಶ್ನೆಗಳು ಬರಬೇಕು.

ನಗರವಾಸಿಗಳಾದ ನಾವು ಈ ವಿವಾದದಲ್ಲಿ ತಟಸ್ಥರೆಂದು ತಿಳಿಯಬಾರದು. ಮುಂಬಯಿಯ ಮನೆಗಳ ನಲ್ಲಿಯಲ್ಲಿ ಬರುವ ನೀರಿನ ಬಹುಭಾಗ ತಾನಸಾ, ಭಾತಸಾ, ವೈತರಣಾ ಜಲಾಶಯಗಳದು. 1892ರಲ್ಲಿ ಕಟ್ಟಿದ ತಾನಸಾದ ಸುತ್ತಲಿನ ಕಾಡು ಇಂದಿಗೂ ಆ ನೀರಿನ ಕಾವಲು. ಅದೇ ಶಹಾಪುರ ತಾಲ್ಲೂಕಿನ ಎಷ್ಟೋ ವಸತಿಗಳು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ. ಕಾಡಿನಿಂದ ಉಪಕೃತರಾದವರು ನಾವು. ಕಾಡಿಗಾಗಿ ಕಟ್ಟಳೆಗಳನ್ನು ಸಹಿಸುವವರು ಅವರು. ಇದನ್ನರಿತೂ ಸುಮ್ಮನಿರುವುದು ಕೃತಜ್ಞತೆಯ ಲಕ್ಷಣವಲ್ಲ.

ಈಶಾವಾಸ್ಯದ ಪ್ರಥಮ ಮಂತ್ರಕ್ಕೆ ಶ್ರೀಮದಾಚಾರ್ಯರು ಹೇಳುವ ಅರ್ಥವು ನಮ್ಮ ವಾಚಕರಿಗೆ ಪರಿಚಿತವೇ. ಜಗತ್ತು ಅವನ ಅಧೀನವಾದ್ದರಿಂದ, ಅವನು ಕೊಟ್ಟಷ್ಟರಿಂದ ಭೋಗಿಸಬೇಕು, ಪರರ ಧನವನ್ನು ಬಯಸಬಾರದು. ಸ್ವತಂತ್ರನಾದ ಸ್ವಾಮಿ ಒಬ್ಬನೇ ಆದ ಮೇಲೆ ಸರಕಾರವೂ ಗ್ರಾಮವೂ ನಗರವೂ ಕೊಟ್ಟದ್ದನ್ನು ಅನುಭವಿಸುವವರು ಮಾತ್ರ. ಹಾಗಿರುವಾಗ ಯಾರ ಜೀವನವು ಯಾವ ಕಾಡಿನಿಂದ ನಡೆಯುತ್ತದೆಯೋ ಅವರ ಭಾಗವನ್ನು ಕಸಿಯುವುದು ಪರಧನಾಪೇಕ್ಷೆಯೇ ಆಗುತ್ತದೆ. ಕಾಯುವವರಿಗೆ ಅನುಭವಿಸುವ ಹಕ್ಕು, ಅನುಭವಿಸುವವರಿಗೆ ಕಾಯುವ ಹೊಣೆ, ಪ್ರಭುತ್ವಕ್ಕೆ ಇವೆರಡನ್ನೂ ರಕ್ಷಿಸುವ ಕರ್ತವ್ಯ ಎಂಬ ವಿಭಾಗವೇ ನ್ಯಾಯ್ಯವೆಂದು ತೋರುತ್ತದೆ. ಮುಂದಿನ ಮಳೆಗಾಲದಲ್ಲಿ ವೃಕ್ಷಾರೋಪಣಕ್ಕೆಂದು ನಮ್ಮಲ್ಲಿ ಯಾರಾದರೂ ದ್ರವ್ಯಸಹಾಯ ಮಾಡುವುದಾದರೆ, ಸಸಿಗಳ ಸಂಖ್ಯೆಯ ಜೊತೆಗೆ ಆ ಊರಿನ ಗ್ರಾಮಸಭೆಯು ಏನು ಹೇಳಿತೆಂಬುದನ್ನೂ ವಿಚಾರಿಸಿ ಕೊಡುವುದು ಒಳ್ಳೆಯದು.