ಬಿಟ್ಟವರು, ಉಳಿದವರು

ಕಳೆದ ವಾರ ಮಗಳು ಕೆಲಸದಿಂದ ಬಂದವಳೇ ಬ್ಯಾಗನ್ನು ಮಂಚದ ಮೇಲೆ ಎಸೆದು, "ಅಮ್ಮ, ನಾನು ಕೆಲಸ ಬಿಡ್ತೀನಿ" ಎಂದಳು. ಪಟ್ಟಂದೂರು ಅಗ್ರಹಾರದ ನಮ್ಮ ಮನೆಗೆ ಹತ್ತಿರದ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಅವಳಿಗೆ ಬರಬೇಕಾಗಿದ್ದ ಬಡ್ತಿ, ಅವಳೇ ಕೆಲಸ ಕಲಿಸಿದ ಹುಡುಗನಿಗೆ ಹೋಗಿತ್ತು. "ಸ್ವಲ್ಪ ತಾಳ್ಕೋ" ಎಂದೆ. "ನೀನು ತಾಳ್ಕೊಂಡೆಯಲ್ಲ, ಏನು ಬಂತು?" ಎಂದುಬಿಟ್ಟಳು.

ಅವಳು ಹೇಳಿದ್ದು ಸುಳ್ಳಲ್ಲ. ಹಿಂದೆ ನಾನಿದ್ದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಸ್ಥಾನ ನನ್ನ ಸರದಿಗೆ ಬಂದಾಗ, ನನಗಿಂತ ಆರು ವರ್ಷ ಕಿರಿಯರನ್ನು ಕೂರಿಸಿದರು. ಮನೆಯ ಸಾಲವಿತ್ತು, ಇವಳ ಓದಿತ್ತು. ಸುಮ್ಮನೆ ಉಳಿದೆ.

ಮಕ್ಕಳಿಗೆ ನ್ಯಾಯಾಂಗದ ಪಾಠ ಮಾಡುವಾಗಲೆಲ್ಲ ನನಗೆ ಕೆ. ಎಸ್. ಹೆಗ್ಡೆಯವರ ನೆನಪಾಗುತ್ತದೆ. 1909ರಲ್ಲಿ ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿದವರು. ವಕೀಲರಾಗಿದ್ದು 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು; 1967ರಲ್ಲಿ ಸುಪ್ರೀಂ ಕೋರ್ಟು ಸೇರಿದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯ ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಬಾರದು ಎಂದು 13 ನ್ಯಾಯಾಧೀಶರಲ್ಲಿ 7 ಮಂದಿ ಹೇಳಿದರು. ಹೆಗ್ಡೆಯವರು ಆ ಏಳರಲ್ಲಿ ಒಬ್ಬರು. ಮರುದಿನವೇ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯೆಂದು ಸಾರಿತು. ಮೂವರೂ ರಾಜೀನಾಮೆ ಕೊಟ್ಟರು. ಮುಂದೆ 1977ರಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು.

ಒಮ್ಮೊಮ್ಮೆ ಅವರ ಮುಂದೆ ನಾನು ತೀರ ಸಣ್ಣವಳೆನ್ನಿಸುತ್ತಿತ್ತು. ಆದರೆ ಆ ಏಳು ಮಂದಿಯಲ್ಲಿ ಇನ್ನೊಬ್ಬರಿದ್ದರು, ಎಚ್. ಆರ್. ಖನ್ನಾ. ಅವರು ಅಂದು ಬಿಡಲಿಲ್ಲ, ಉಳಿದರು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಜೈಲಿಗೆ ಹಾಕಿದವರು ಕೋರ್ಟಿಗೆ ಬರುವಂತೆಯೇ ಇಲ್ಲವೆಂಬ ಸರ್ಕಾರದ ವಾದವನ್ನು ನಾಲ್ವರು ಒಪ್ಪಿದಾಗ, ಒಪ್ಪದ ಐದನೆಯವರು ಅವರೇ. ಮರುವರ್ಷ ಅವರನ್ನೂ ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆಗ ಅವರೂ ಹೊರಬಂದರು. 1973ರಲ್ಲೇ ಬಿಟ್ಟಿದ್ದರೆ ಆ ಒಂದು ದನಿ ಅಲ್ಲಿ ಇರುತ್ತಲೇ ಇರಲಿಲ್ಲವಲ್ಲ!

ಹಾಗಾದರೆ ಬಿಡುವುದೇ ಧೈರ್ಯ, ಉಳಿಯುವುದೆಲ್ಲ ಹೇಡಿತನ ಎನ್ನುವಂತಿಲ್ಲ. ಆದರೆ ಇದನ್ನೇ ನನಗೆ ಸಮಾಧಾನ ಮಾಡಿಕೊಳ್ಳೋಣವೆಂದರೆ ಒಂದು ನೆನಪು ಅಡ್ಡ ಬರುತ್ತದೆ. ನನ್ನನ್ನು ದಾಟಿದ ಮರುವರ್ಷ, ಫೀಸು ಕಟ್ಟದ ಮಕ್ಕಳನ್ನು ಪರೀಕ್ಷೆಯ ದಿನ ವರಾಂಡದಲ್ಲಿ ನಿಲ್ಲಿಸಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ನಾನು ತಲೆ ತಗ್ಗಿಸಿ ಹಾಜರಿ ಪುಸ್ತಕದ ಪುಟ ಮಗುಚುತ್ತಿದ್ದೆ. ಸಾಲ ಬಿಡುವುದಕ್ಕೆ ಅಡ್ಡಿಯಾಗಿತ್ತು, ನಿಜ. ಒಂದು ಮಾತಾಡುವುದಕ್ಕೆ ಏನು ಅಡ್ಡಿಯಾಗಿತ್ತು? ಸಿಗದ ಕುರ್ಚಿಯ ನೋವು ಎಂದೋ ಮಾಯಿತು. ವರಾಂಡದಲ್ಲಿ ನಿಂತ ಆ ಮಕ್ಕಳು ಇಂದಿಗೂ ಕಣ್ಣ ಮುಂದೆ ಬರುತ್ತಾರೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. "ಬಿಡೋದಾದ್ರೆ ಬಿಡು, ನಾನು ಬೇಡ ಅನ್ನಲ್ಲ. ಉಳಿಯೋದಾದ್ರೆ, ಉಳಿದು ಬಾಯಿ ತೆಗೀತೀನಾ ಅಂತ ನಿನ್ನನ್ನೇ ಕೇಳ್ಕೋ" ಎಂದೆ. ಅವಳು ಇನ್ನೂ ತೀರ್ಮಾನಿಸಿಲ್ಲ. ನನಗೂ ನಿವೃತ್ತಿಗೆ ಮೂರು ವರ್ಷವಿದೆ. ಆ ಪ್ರಶ್ನೆ ಅವಳಿಗೆ ಮಾತ್ರ ಕೇಳಿದ್ದಲ್ಲ.