ಕಾಗೆಯೂ ಕೊಂಬೆಯೂ

ನಮ್ಮ ಅರಿಶಿನಕುಂಟೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ನೋಡಲು ಬಂದವರು ಮೊದಲು ಕೇಳುವುದು "ಹೇಗಿದ್ದೀರಿ?" ಎಂದಲ್ಲ, "ಯಾಕೆ ಬಂತು?" ಎಂದು. ನಮ್ಮೂರೇನು, ಎಲ್ಲ ಊರಿನಲ್ಲೂ ಹಾಗೆಯೇ ಇದ್ದೀತು. ಕಾರಣ ಸಿಕ್ಕರೆ ಬಂದವರಿಗೊಂದು ಸಮಾಧಾನ. ಆ ತಪ್ಪು ನಾವು ಮಾಡಿಲ್ಲವಲ್ಲ, ನಮಗೆ ಈ ಕಾಯಿಲೆ ಬರುವುದಿಲ್ಲ ಎಂದುಕೊಂಡು ಕಾಫಿ ಕುಡಿದು ನೆಮ್ಮದಿಯಾಗಿ ಎದ್ದು ಹೋಗಬಹುದು. ನಮ್ಮತ್ತೆಗೆ ಮೈ ಹಿಡಿದುಕೊಂಡಾಗ ಹಾಗೆ ಎಲ್ಲರ ಕೈಗೂ ಸಿಕ್ಕ ಕಾರಣ ನಾನು.

ಅತ್ತೆಗೆ ಆಗ 71 ವರ್ಷ. ಹೊಲ, ಹಸು, ಒಲೆ ಎಂದು ಆಯಸ್ಸೆಲ್ಲ ದುಡಿದವರು, ಹಸು ಮಾರಿದ ಮೇಲೆ ಟೀವಿ ಮುಂದೆ ಕುಳಿತುಬಿಟ್ಟಿದ್ದರು. "ಮೈ ಆಡಿಸದಿದ್ದರೆ ತುಕ್ಕು ಹಿಡಿಯುತ್ತೆ ಅತ್ತೆ" ಎಂದು ಬಲವಂತ ಮಾಡಿ, ಹೆಂಗಸರ ಬೆಳಗಿನ ವ್ಯಾಯಾಮದ ತರಗತಿಗೆ ನಾನೇ ಕರೆದುಕೊಂಡು ಹೋದೆ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಕಾರ್ತಿಕದ ಚಳಿ ಶುರುವಾದಾಗ ಒಂದು ದಿನ, "ತೋಳು ಎತ್ತಕ್ಕಾಗ್ತಿಲ್ಲ ಕಣಮ್ಮ, ಇವತ್ತು ಬೇಡ" ಎಂದರು. "ಮೊದಮೊದಲು ಹಾಗೇ ಅತ್ತೆ, ಬಿಟ್ಟರೆ ಇನ್ನೂ ಹಿಡಿಯುತ್ತೆ" ಎಂದೆ. ಮಾರನೆಯ ದಿನವೂ ಅವರು ಹೇಳಿದರು, ನಾನೂ ಅದನ್ನೇ ಹೇಳಿದೆ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಗಿನ ಜಾವ ಹಾಸಿಗೆಯಿಂದ ಕೂಗಿದರು. ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ಎರಡು ಭುಜ, ಕತ್ತು, ಎರಡು ತೊಡೆ, ಎಲ್ಲ ಮರದ ಕೊರಡಿನಂತೆ. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ತುಸು ಸಡಿಲವಾಗುತ್ತಿತ್ತು; ಮಾರನೆಯ ಬೆಳಗ್ಗೆ ಮತ್ತೆ ಅದೇ ಪಾಡು. ಯಾರಿಗೂ ತಲೆ ಬಾಚಲು ಬಿಡದ ಹೆಂಗಸು ತುರುಬು ಕಟ್ಟಿಕೊಡು ಎಂದು ನನ್ನ ಮುಂದೆ ಬಂದು ಕುಳಿತರು.

ಮಾಗಡಿಯಿಂದ ಓಡಿ ಬಂದ ನನ್ನ ದೊಡ್ಡ ನಾದಿನಿ ಚಪ್ಪಲಿ ಬಿಡುತ್ತಲೇ, "ಈ ವಯಸ್ಸಲ್ಲಿ ಅಮ್ಮನ್ನ ಕುಣಿಸಕ್ಕೆ ಕರ್ಕೊಂಡು ಹೋಗಿದ್ದೆಯಲ್ಲ, ಏನನ್ನಬೇಕು ನಿನಗೆ?" ಎಂದರು. ಪಕ್ಕದ ಮನೆಯವರು ವಾಯು ಎಂದರು, ಎದುರು ಮನೆಯವರು ರಾತ್ರಿ ಉಂಡ ಮೊಸರು ಎಂದರು, ಇನ್ನೊಬ್ಬರು ದೃಷ್ಟಿ ಎಂದರು. ಊರಿನ ಹೆಸರಿನಲ್ಲೇ ಅರಿಶಿನ ಇರುವಾಗ ಪಟ್ಟು ಹಾಕದೆ ಇರಲಾದೀತೆ? ಅದೂ ಆಯಿತು. ನೋವು ಕದಲಲಿಲ್ಲ.

ಬೆಂಗಳೂರಿನ ಡಾಕ್ಟರು ರಕ್ತದ ಇ.ಎಸ್.ಆರ್. ಮೊದಲಾದ ಪರೀಕ್ಷೆ ಮಾಡಿಸಿ, ಬಾಯಿ ತಿರುಗದ ಒಂದು ಹೆಸರು ಹೇಳಿದರು: ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಐವತ್ತು ದಾಟಿದವರಿಗೆ, ಅದರಲ್ಲೂ ಎಪ್ಪತ್ತರ ಆಸುಪಾಸಿನವರಿಗೆ ಬರುವಂಥದ್ದು. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಮಾಂಸಖಂಡದ ನೋವೆಂದು ತೋರಿದರೂ ಖಂಡಗಳು ಕೆಟ್ಟಿರುವುದಿಲ್ಲ. ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಭುಜ, ಸೊಂಟದ ಕೀಲುಗಳ ಸುತ್ತ ಉರಿಯೂತ ಎಬ್ಬಿಸುತ್ತದೆ. ಡಾಕ್ಟರು ಸ್ಟೀರಾಯ್ಡ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟರು. ನಾಲ್ಕನೆಯ ದಿನ ಅತ್ತೆ ತಾವೇ ತುರುಬು ಕಟ್ಟಿಕೊಂಡರು! ಆದರೆ ಮಾತ್ರೆಯನ್ನು ಒಂದು ವರ್ಷಕ್ಕೂ ಮಿಕ್ಕಿ ಬೇಕಾಗಬಹುದು, ಮೆಲ್ಲಮೆಲ್ಲಗೆ ಇಳಿಸಬೇಕು, ತಾವಾಗಿಯೇ ನಿಲ್ಲಿಸಕೂಡದು, ಮೂಳೆ ಮತ್ತು ಸಕ್ಕರೆಯ ಮೇಲೆ ಕಣ್ಣಿರಬೇಕು. ಕೆನ್ನೆತಲೆ ನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜು ಕಂಡರೆ ಅಂದೇ ಓಡಿ ಬನ್ನಿ, ಇದರ ಜೊತೆ ಬರುವ ರಕ್ತನಾಳದ ಊತದಿಂದ ದೃಷ್ಟಿಯೇ ಹೋಗಬಹುದು ಎಂದೂ ಎಚ್ಚರಿಸಿದರು.

ನನಗೆ ಬೇಕಾಗಿದ್ದು ಬೇರೆ. ನಾದಿನಿ ಪಕ್ಕದಲ್ಲಿರುವಾಗಲೇ ಕೇಳಿದೆ: "ವ್ಯಾಯಾಮದಿಂದ ಬಂತಾ ಡಾಕ್ಟ್ರೇ?" ಖಂಡಿತ ಇಲ್ಲ ಎಂಬ ಒಂದು ಮಾತಿಗೆ ಕಾದೆ.

ಅವರು ಅಷ್ಟು ಸುಲಭವಾಗಿ ಬಿಡುಗಡೆ ಕೊಡಲಿಲ್ಲ. 1888ರಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಬ್ರೂಸ್ ಇದನ್ನು ವರ್ಣಿಸಿದ; ಈಗಿನ ಹೆಸರು ಬಂದದ್ದು 1957ರಲ್ಲಿ. ಇಷ್ಟು ಕಾಲವಾದರೂ ಮೂಲ ಕಾರಣ ಗೊತ್ತಾಗಿಲ್ಲ. ವಯಸ್ಸು ಒಂದು, ವಂಶವಾಹಿಗಳ ಪಾತ್ರ ಸ್ವಲ್ಪ, ಯಾವುದಾದರೂ ಸೋಂಕು ಕಿಡಿ ಹೊತ್ತಿಸುತ್ತದೆಯೋ ಎಂಬ ಗುಮಾನಿ. ಆದರೆ ಇಂಥದೇ ರೋಗಾಣು ಎಂದು ಸಾಬೀತಾಗಿಲ್ಲ. ಮೈಮುರಿದು ದುಡಿದ ಮೇಲೆ ಶುರುವಾಯಿತು ಎನ್ನುವ ರೋಗಿಗಳಿದ್ದಾರೆ. ವ್ಯಾಯಾಮವೇ ಕಾರಣ ಎನ್ನಲು ಆಧಾರವಿಲ್ಲ. "ಬಿಂದಿಗೆ ತೂತಾಗಿದ್ದು ನೀರು ತುಂಬಿದಾಗ ಕಾಣುತ್ತಮ್ಮ. ನೀರು ತೂತು ಮಾಡಿತು ಅನ್ನೋಕಾಗುತ್ತಾ?" ಎಂದರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತು ನಮ್ಮಲ್ಲಿ ಉಂಟು. ಕೊಂಬೆ ಒಳಗೇ ಲಡ್ಡಾಗಿತ್ತೋ ಏನೋ, ಮುರಿದಾಗ ಕಣ್ಣಿಗೆ ಬಿದ್ದದ್ದು ಕಾಗೆ. ಮನೆಯಲ್ಲಿ ಆ ಕಾಗೆ ಹೆಚ್ಚಾಗಿ ಹೆಂಗಸೇ ಆಗಿರುತ್ತಾಳೆ, ಗಮನಿಸಿದ್ದೀರಾ? ಮಗು ಕೆಮ್ಮಿದರೆ ತಾಯಿ ಕೊಟ್ಟ ಬಾಳೆಹಣ್ಣು, ಗಂಡನಿಗೆ ಹೊಟ್ಟೆ ಕೆಟ್ಟರೆ ಹೆಂಡತಿಯ ಸಾರು. ಕೈಯಾಡಿಸಿದವಳ ಕೈಯೇ ಕಾಣುವುದು. ಏನೂ ಮಾಡದೆ ಕೂತವರ ಮೇಲೆ ಯಾವ ಅಪವಾದವೂ ಇಲ್ಲ.

ಹಾಗಾದರೆ ನನ್ನ ತಪ್ಪೇನೂ ಇಲ್ಲವೆಂದು ಮಲಗಿದೆ. ನಿದ್ದೆ ಬರಲಿಲ್ಲ. ಕಿವಿಯಲ್ಲಿ ಉಳಿದದ್ದು ನಾದಿನಿಯ ಮಾತಲ್ಲ, ಅತ್ತೆಯ ಮಾತು: "ಇವತ್ತು ಬೇಡ ಕಣಮ್ಮ." ಹದಿನೈದು ದಿನ ಅವರು ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಕಾಯಿಲೆ ತಂದವಳು ನಾನಲ್ಲದಿರಬಹುದು, ಆದರೆ ಅವರ ನೋವನ್ನು ಸೋಮಾರಿತನವೆಂದು ಎಣಿಸಿದವಳು ನಾನೇ. ಕಾರಣವಾಗುವುದೂ ತಪ್ಪು ಮಾಡುವುದೂ ಒಂದೇ ಅಲ್ಲ. ಎಲ್ಲರೂ ಹೊರಿಸಿದ ಸುಳ್ಳು ತಪ್ಪಿನ ವಿರುದ್ಧ ವಾದಿಸುವ ಗಡಿಬಿಡಿಯಲ್ಲಿ, ಯಾರೂ ಹೊರಿಸದ ನಿಜವಾದ ತಪ್ಪು ನನಗೆ ಕಾಣದೇ ಹೋಗಿತ್ತು.

ನೋವು ಇಳಿದ ಮೇಲೆ ಮೆಲ್ಲಗೆ ನಡೆದಾಡುವುದು ಒಳ್ಳೆಯದು, ಮೂಳೆಗೂ ಬಲ ಎಂದು ಡಾಕ್ಟರು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಮತ್ತೆ ಏನಾದರೂ ಆದರೆ? ಕೈಕಟ್ಟಿ ಕೂತರೆ ಅಪವಾದವಂತೂ ಇಲ್ಲ. ಹಾಗೆ ಯೋಚಿಸಿದಾಗ ನನಗೇ ನಾಚಿಕೆಯಾಯಿತು. ಇಲ್ಲಿಯೂ ನಾನು ನೋಡಿದ್ದು ನನ್ನನ್ನೇ. ಒಂದು ಬೆಳಗ್ಗೆ ಹತ್ತಿರ ಕೂತು, "ನಡೆಯೋಕೆ ಮನಸ್ಸಿದೆಯಾ ಅತ್ತೆ? ಬೇಡ ಅಂದರೆ ಬೇಡ" ಎಂದೆ.

ಅವರು ನನ್ನನ್ನೇ ನೋಡಿದರು. "ಅವತ್ತೂ ಹಿಂಗೇ ಕೇಳಿದ್ರೆ ಆಗ್ತಿತ್ತಲ್ಲ" ಎಂದು, ಗೋಡೆ ಹಿಡಿದು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಬೀದಿಯ ಕೊನೆಯವರೆಗೆ ಹೋಗಿ ಬಂದೆವು. ಇಂದಿಗೂ ಹೋಗುತ್ತೇವೆ, ಅವರು ಸಾಕು ಎನ್ನುವವರೆಗೆ.